ಮೀಠಿಗೆ ಬೇಕಾದದ್ದು ದೋಣಿಯಲ್ಲ, ನೀರು

ಥೇಮ್ಸ್ ನದಿಯ ಮೇಲೆ ಬಾಡಿಗೆ ದೋಣಿಯಲ್ಲಿ ಒಂದು ದಿನ ಕಳೆದು ಬಂದವರಿಗೆ ಮುಂಬಯಿಯ ಮೀಠಿ ನದಿಯನ್ನು ಕಂಡಾಗ ಒಂದು ಕನಸು ಬೀಳುತ್ತದೆ. ಅಲ್ಲಿ ದೋಣಿ ಲಾಕ್‌ನೊಳಗೆ ಬಂದೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ಏರುತ್ತದೆ ಅಥವಾ ಇಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಮಾಹಿಮ್ ಬಳಿ ಇಂಥದೇ ಬಾಗಿಲು ಹಾಕಿ ನೀರು ನಿಲ್ಲಿಸಿದರೆ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳ ಪಕ್ಕದಲ್ಲಿ ದೋಣಿ ವಿಹಾರ ಯಾಕಾಗಬಾರದು? ಕೇಳಲು ಚಂದ. ಲಾಕ್ ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರಿಸಿದ ಕೂಡಲೇ ಚಂದ ಮುಗಿಯುತ್ತದೆ.

ಲಾಕ್‌ಗೆ ಬೇಕಾದದ್ದು ಮೇಲಿನಿಂದ ಬರುವ ನೀರು. ದೋಣಿ ದಾಟಿದಾಗಲೆಲ್ಲ ಒಂದು ಕೋಣೆ ತುಂಬ ನೀರು ಕೆಳಕ್ಕೆ ಹೋಗುತ್ತದೆ. ಥೇಮ್ಸ್‌ಗೆ ವರ್ಷವಿಡೀ ಹರಿವಿದೆ. ಮೀಠಿಯೋ, ವಿಹಾರ್ ಮತ್ತು ಪವಾಯಿ ಕೆರೆಗಳು ಕೋಡಿ ಬಿದ್ದಾಗ ಜೀವ ಪಡೆದು, ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಕೊಲ್ಲಿ ಸೇರುವ ನದಿ. 1860ರಲ್ಲಿ ಪೂರ್ಣಗೊಂಡ ವಿಹಾರ್ ಕೆರೆಯ ನೀರು ಊರಿನ ನಲ್ಲಿಗಳ ಪಾಲು. ಮಳೆ ನಿಂತ ಮೇಲೆ ನದಿಯಲ್ಲಿ ಉಳಿಯುವುದು ಬಹುಪಾಲು ಚರಂಡಿ ನೀರು ಮತ್ತು ಕಾರ್ಖಾನೆಗಳ ಕೊಳಕು. ಅದಕ್ಕೆ ಬಾಗಿಲು ಹಾಕಿದರೆ ಆಗುವುದು ಸರೋವರವಲ್ಲ, ಕೊಚ್ಚೆಗುಂಡಿ. ಬೆಂಗಳೂರಿನ ವೃಷಭಾವತಿಯ ಪಕ್ಕ ಹಾದುಹೋದವರಿಗೆ ಇದನ್ನು ವಿವರಿಸಬೇಕಿಲ್ಲ.

ಮುಂಬಯಿಗೆ ಲಾಕ್ ಹೊಸದೂ ಅಲ್ಲ. 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ಎಂದು ತೆರೆದ ಈಗಿನ ಇಂದಿರಾ ಡಾಕ್‌ಗೆ ಹಡಗುಗಳು ಒಳಬರುವುದೇ ಲಾಕ್ ಮೂಲಕ. ಅಲ್ಲಿ ಬಾಗಿಲ ಎರಡೂ ಕಡೆ ಇರುವುದು ಸಮುದ್ರದ ನೀರು. ಭರತ ಇಳಿತಗಳ ನಡುವೆಯೂ ಹಡಗು ತೇಲುತ್ತಿರಬೇಕೆಂಬ ಒಂದೇ ಕೆಲಸ ಅದಕ್ಕೆ. ಮಳೆನೀರು ಹೊರಹಾಕುವ ಹೊಣೆ ಅದರ ಮೇಲಿಲ್ಲ.

ಮೀಠಿಯ ಮೇಲೆ ಆ ಹೊಣೆ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ವಿಮಾನ ನಿಲ್ದಾಣಕ್ಕಾಗಿ ತಿರುಚಿದ, ಕೊಲ್ಲಿ ತುಂಬಿ ಕಿರಿದಾಗಿಸಿದ ಆ ಹಾದಿಯಲ್ಲಿ ನೀರಿಗೆ ಸಮುದ್ರದ ದಾರಿ ಸಾಲದೆ ಕುರ್ಲಾ ಮುಳುಗಿತು. ಇಂಥ ನದಿಯ ಬಾಯಿಗೆ ವಿಹಾರಕ್ಕೆಂದು ಇನ್ನೊಂದು ಅಡ್ಡಿ ಕಟ್ಟುವುದು ಯಾವ ಜಾಣತನ? ಮಳೆಗಾಲದಲ್ಲಿ ಬಾಗಿಲು ತೆರೆದಿಡಬಹುದು ಎನ್ನುವವರಿದ್ದಾರೆ. ಸರಿ, ಆಗ ನಾಲ್ಕು ತಿಂಗಳು ಪ್ರವಾಹ, ಎಂಟು ತಿಂಗಳು ಕೊಚ್ಚೆ. ದೋಣಿ ಬಿಡುವ ತಿಂಗಳು ಯಾವುದು? ನಗರದ ಪಂಪಿಂಗ್ ಸ್ಟೇಷನ್‌ಗಳಲ್ಲೂ ಬಾಗಿಲುಗಳಿವೆಯಲ್ಲ ಎಂದರೆ, ಅವು ಭರತದ ಹೊತ್ತಿನಲ್ಲಿ ಸಮುದ್ರವನ್ನು ಹೊರಗಿಡುತ್ತವೆ, ಹಿಂದೆ ದೊಡ್ಡ ಪಂಪುಗಳು ಮಳೆನೀರನ್ನು ಎತ್ತಿ ಹಾಕುತ್ತವೆ. ನೋಟಕ್ಕಾಗಿ ನೀರು ಕೂಡಿಡುವ ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ.

ಲಂಡನ್ನಿನಿಂದ ಕಲಿಯಬೇಕಾದದ್ದು ಬೇರೆಯೇ ಇದೆ. 1858ರಲ್ಲಿ ಥೇಮ್ಸ್‌ನ ದುರ್ವಾಸನೆ ಸಂಸತ್ತನ್ನೇ ಕಂಗೆಡಿಸಿದಾಗ ಜೋಸೆಫ್ ಬಾಜಲ್ಗೆಟ್ ಎಂಬ ಎಂಜಿನಿಯರ್‌ಗೆ ಚರಂಡಿ ಕೆಲಸ ವಹಿಸಿದರು. ಈಗ ಪ್ರವಾಸಿಗರು ನಡೆದಾಡುವ ನದಿದಂಡೆಯ ಒಡ್ಡಿನ ಒಳಗೇ ಅವನ ದೊಡ್ಡ ಚರಂಡಿ ಹೋಗುತ್ತದೆ. ಮೀಠಿಗೆ 2005ರ ನಂತರ ಮೊದಲು ಬಂದದ್ದು ಕಾಂಕ್ರೀಟ್ ಗೋಡೆ, ಚರಂಡಿ ತಿರುಗಿಸುವ ಕೆಲಸ ತೆವಳುತ್ತ ಬಂತು. ಹೂಳೆತ್ತುವುದರಲ್ಲೂ 65 ಕೋಟಿ ರೂಪಾಯಿಗೂ ಹೆಚ್ಚು ವಂಚನೆಯಾಗಿದೆ ಎಂಬ ಆರೋಪದ ಮೇಲೆ 2025ರಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಮೊಕದ್ದಮೆ ಹೂಡಿತು. ಹೂಳಿನ ಲೆಕ್ಕವೇ ಬಗೆಹರಿಯದ ನದಿಗೆ ವಿಹಾರದ ಲೆಕ್ಕ ಹಾಕುವುದು ಅಡಿಪಾಯವಿಲ್ಲದೆ ಕಳಶ ಇಟ್ಟಂತೆ.

ಈ ಊರಿನಲ್ಲಿ ದೋಣಿಗಳಿಲ್ಲವೆಂದಲ್ಲ. ಭಾವುಚಾ ಧಕ್ಕಾದಿಂದ ಮೋರಾ, ರೇವಸ್‌ಗೆ ಲಾಂಚುಗಳು ಹೋಗುತ್ತವೆ. ವರ್ಸೋವಾದಿಂದ ಮಢ್‌ಗೆ, ಬೊರಿವಲಿಯಿಂದ ಗೋರಾಯಿಗೆ ಜನ ತರಕಾರಿ, ಸೈಕಲ್ಲು, ಮೀನಿನ ಬುಟ್ಟಿಗಳೊಡನೆ ದಾಟುತ್ತಾರೆ. ಜಲಸಾರಿಗೆಗೆ ಹಣವಿದ್ದರೆ ಮೊದಲು ಆ ಧಕ್ಕೆಗಳಿಗೆ ಗಟ್ಟಿ ಮೆಟ್ಟಿಲು, ನೆರಳು, ಸುರಕ್ಷತೆ ಕೊಡಲಿ.

ಮೀಠಿಯ ದಂಡೆಯಲ್ಲಿ ಬದುಕುವವರಿಗೆ ನದಿ ಒಂದು ನೋಟವಲ್ಲ. ನೀರು ಅಪಾಯದ ಮಟ್ಟ ಮುಟ್ಟಿದಾಗ ಕುರ್ಲಾದ ಕ್ರಾಂತಿನಗರದ ಜನ ಮನೆ ಬಿಟ್ಟು ಏಳಬೇಕು. ಯೋಜನೆಯ ಸರದಿ ಅವರಿಂದ ಶುರುವಾಗಬೇಕು: ಮೊದಲು ಚರಂಡಿ ನದಿಯಿಂದ ಹೊರಗೆ, ಆಮೇಲೆ ನೀರಿಗೆ ಹರಿಯಲು ಜಾಗ, ಕಾಂಡ್ಲಾ ಕಾಡಿಗೆ ಉಳಿವು. ಇಷ್ಟಾದ ದಿನ ಮಾಹಿಮ್‌ನ ಕೋಳಿ ಮೀನುಗಾರರ ದೋಣಿ ಲಾಕ್ ಇಲ್ಲದೆಯೇ ಭರತದ ಜೊತೆ ಮೇಲೆ ಬಂದೀತು. ಅಲ್ಲಿಯವರೆಗೆ ಮೀಠಿಗೆ ಬಾಗಿಲು ಹಾಕುವ ಮಾತು ಬೇಡ.