ನಾಯಿಮರಿ ಕೊಳ್ಳುವ ಮುನ್ನ ಅದರ ಅಪ್ಪ-ಅಮ್ಮನ ಬೆನ್ನು ಹೇಗಿದೆ ಕೇಳಿ

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಹಸು ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಕೇಳದೆ ದುಡ್ಡು ಬಿಚ್ಚುವುದಿಲ್ಲ. ನಾಯಿಮರಿ ವಿಷಯದಲ್ಲಿ ಮಾತ್ರ ವಾಟ್ಸ್ಆ್ಯಪ್‌ಗೆ ಬಂದ ಒಂದು ಫೋಟೊ ಸಾಕು, ಅಡ್ವಾನ್ಸ್ ಹಾಕಿಬಿಡುತ್ತೇವೆ.

ಅದರಲ್ಲೂ ಡ್ಯಾಷ್‌ಹಂಡ್. ಗಿಡ್ಡ ಕಾಲು, ಉದ್ದ ಮೈ. ತಿನ್ನುವುದು ಕಡಿಮೆ, ಗೇಟಿನ ಹತ್ತಿರ ಯಾರಾದರೂ ಬಂದರೆ ಬೊಗಳಿ ಊರು ಒಂದು ಮಾಡುತ್ತದೆ. ತೋಟದ ಮನೆಗೆ ಇನ್ನೇನು ಬೇಕು? ಆದರೆ ಮೂರು ವರ್ಷವೋ ಐದು ವರ್ಷವೋ ಆದಮೇಲೆ ಒಂದು ದಿನ ಆ ನಾಯಿ ಹಿಂಗಾಲು ಎಳೆಯತೊಡಗುತ್ತದೆ. ‘ಹಾವು ಕಚ್ಚಿರಬೇಕು’, ‘ಯಾರೋ ಹೊಡೆದಿರಬೇಕು’ ಎಂದು ಮನೆಯವರು ಅಕ್ಕಪಕ್ಕದವರ ಮುಖ ನೋಡುತ್ತಾರೆ. ಎಷ್ಟೋ ಸಲ ತಪ್ಪು ಯಾರದ್ದೂ ಅಲ್ಲ. ಆ ರೋಗ ಮರಿ ಹುಟ್ಟುವಾಗಲೇ ಅದರ ಜೊತೆ ಬಂದಿರುತ್ತದೆ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ. ಈ ನಾಯಿಗಳಲ್ಲಿ ಅದು ಚಿಕ್ಕ ವಯಸ್ಸಿಗೇ ಒಣಗಿ, ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆ. ಒಂದು ದಿನ ಸೋಫಾದಿಂದಲೋ ಜಗಲಿಯಿಂದಲೋ ಹಾರಿದಾಗ ಡಿಸ್ಕ್ ಒಡೆದು ಒಳಗಿನ ತಿರುಳು ಬೆನ್ನುಹುರಿಯನ್ನು ಒತ್ತುತ್ತದೆ. ಡ್ಯಾಷ್‌ಹಂಡ್ ತಳಿಯಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಂದು ನಾಯಿಗೆ ಜೀವಮಾನದಲ್ಲಿ ಈ ತೊಂದರೆ ಬರುತ್ತದೆ ಎಂಬುದು ವಿದೇಶಿ ಅಧ್ಯಯನಗಳ ಅಂದಾಜು.

ಇದರ ಬೇರು ಸಿಕ್ಕಿದ್ದು ಇತ್ತೀಚೆಗೆ. ಎಫ್‌ಜಿಎಫ್4 ಎಂಬ ಜೀನ್‌ನ ಹೆಚ್ಚುವರಿ ಪ್ರತಿಯೊಂದು 18ನೇ ಕ್ರೋಮೊಸೋಮಿನಲ್ಲಿ ಸೇರಿಕೊಂಡು ಕಾಲು ಗಿಡ್ಡ ಮಾಡುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಅದೇ ಜೀನ್‌ನ ಇನ್ನೊಂದು ಪ್ರತಿ 12ನೇ ಕ್ರೋಮೊಸೋಮಿನಲ್ಲಿದೆ, ಡಿಸ್ಕ್ ಕೆಡಿಸುವುದು ಅದೇ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2017ರಲ್ಲಿ ತೋರಿಸಿದರು. ಈಗ ನಾಯಿಯ ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಲ್ಯಾಬಿಗೆ ಕಳಿಸಿದರೆ ಈ ಜೀನ್ ಇದೆಯೋ ಇಲ್ಲವೋ ಹೇಳುತ್ತಾರೆ. ಅಪ್ಪನಿಂದಲೋ ಅಮ್ಮನಿಂದಲೋ ಒಂದೇ ಪ್ರತಿ ಬಂದರೂ ಡಿಸ್ಕ್ ರೋಗದ ಅಪಾಯ ಇದ್ದದ್ದೇ.

‘ಹಾಗಾದರೆ ಡಿಎನ್ಎ ಸರ್ಟಿಫಿಕೇಟ್ ಕೇಳಿದರೆ ಮುಗಿಯಿತಲ್ಲ’ ಅಂದುಕೊಳ್ಳಬೇಡಿ. ನನ್ನ ತಕರಾರು ಇರುವುದೇ ಇಲ್ಲಿ.

ಡ್ಯಾಷ್‌ಹಂಡ್‌ಗಳಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಈ ಜೀನ್ ಇದೆ. ಎಲ್ಲರ ಜೇಬಿನಲ್ಲೂ ಇರುವ ಚೀಟಿಯನ್ನು ತೋರಿಸಿ ಒಬ್ಬರನ್ನು ಆರಿಸುವುದು ಹೇಗೆ? ಹಾಗಾಗಿ ‘ಡಿಎನ್ಎ ಟೆಸ್ಟೆಡ್’ ಎಂದು ಹೇಳಿ ಡ್ಯಾಷ್‌ಹಂಡ್ ಮರಿಗೆ ಹೆಚ್ಚು ರೇಟು ಹೇಳುವವರನ್ನು ನಂಬಬೇಡಿ. ಪರೀಕ್ಷೆ ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರವನ್ನು ಅದು ಕೊಡುವುದಿಲ್ಲ.

ಚಿಹೂವಾ, ಪೂಡಲ್, ಮಿಶ್ರ ತಳಿಗಳ ಕಥೆ ಬೇರೆ. ಅವುಗಳಲ್ಲಿ ಕೆಲವಕ್ಕೆ ಜೀನ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಒಂದು ಪ್ರತಿ ಇರುವ ನಾಯಿಯನ್ನು ಒಂದೂ ಇಲ್ಲದ ನಾಯಿಗೆ ಕೊಡಿಸಿದರೆ ಸರಾಸರಿ ಅರ್ಧ ಮರಿಗಳು ಜೀನ್ ಇಲ್ಲದೆ ಹುಟ್ಟುತ್ತವೆ. ಅವನ್ನೇ ಮುಂದಿನ ತಲೆಮಾರಿಗೆ ಆರಿಸಿಕೊಂಡರೆ ಆಯಿತು. ಪರೀಕ್ಷೆಗೆ ಹಾಕಿದ ದುಡ್ಡು ಅಲ್ಲಿ ಸಾರ್ಥಕ.

ಡ್ಯಾಷ್‌ಹಂಡ್‌ಗೆ ಉಳಿದಿರುವ ದಾರಿ ಎಕ್ಸ್-ರೇ. ಡೆನ್ಮಾರ್ಕ್, ಫಿನ್ಲೆಂಡ್‌ನಂಥ ದೇಶಗಳಲ್ಲಿ ಮರಿ ಹಾಕಿಸುವ ನಾಯಿಗಳಿಗೆ ಎರಡರಿಂದ ನಾಲ್ಕು ವರ್ಷದೊಳಗೆ ಬೆನ್ನಿನ ಎಕ್ಸ್-ರೇ ತೆಗೆದು, ಸುಣ್ಣ ಕಟ್ಟಿದ ಡಿಸ್ಕ್ ಎಷ್ಟು ಎಂದು ಎಣಿಸುತ್ತಾರೆ. ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ನಾಯಿಯಿಂದ ಮರಿ ಬೇಡ ಎನ್ನುತ್ತಾರೆ. ಸುಣ್ಣ ಕಟ್ಟುವ ಗುಣವೂ ವಂಶದಲ್ಲಿ ಇಳಿದು ಬರುತ್ತದೆ. ಅಪ್ಪ-ಅಮ್ಮನ ಬೆನ್ನು ಚೆನ್ನಾಗಿದ್ದರೆ ಮರಿಗಳಿಗೂ ಅಪಾಯ ಕಡಿಮೆ.

‘ನಮ್ಮ ಸ್ಕ್ಯಾನಿಂಗಿಗೇ ಜಿಲ್ಲಾಸ್ಪತ್ರೆಯಲ್ಲಿ ಸರದಿ ನಿಲ್ಲಬೇಕು, ನಾಯಿಗೆ ಇದೆಲ್ಲ ಬೇಕಾ?’ ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಈ ಖರ್ಚು ಕೊಳ್ಳುವವರ ತಲೆಗೆ ಬರಬಾರದು, ಮರಿ ಮಾರಿ ದುಡಿಯುವವರು ಭರಿಸಬೇಕು. 2017ರ ಕೇಂದ್ರದ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಬ್ರೀಡರ್ ನೋಂದಣಿ ಮಾಡಿಸಲೇಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಮಾಡಿಸುವಂತಿಲ್ಲ. ನಮ್ಮ ಕಡೆ ಮರಿ ಮಾರುವವರಲ್ಲಿ ಎಷ್ಟು ಜನ ಆ ನೋಂದಣಿ ಪತ್ರ ತೋರಿಸಿಯಾರು?

ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಸರ್ಕಾರಿ ಪಶುವೈದ್ಯ ಕಾಲೇಜುಗಳಿವೆ. ತಿಂಗಳಿಗೆ ಒಂದು ದಿನ ಮರಿ ಹಾಕಿಸುವ ನಾಯಿಗಳ ಬೆನ್ನಿನ ಎಕ್ಸ್-ರೇ ನೋಡಿ ಒಂದು ಪತ್ರ ಕೊಡುವ ವ್ಯವಸ್ಥೆಯನ್ನು ಅಲ್ಲಿ ಮಾಡಲಿ. ಮುಧೋಳ ನಾಯಿಗೆ ತಿಮ್ಮಾಪುರದಲ್ಲಿ ಕೇಂದ್ರ ಕಟ್ಟಿದ ನಾಡು ನಮ್ಮದು. ಇದು ಆಗದ ಕೆಲಸವೇನಲ್ಲ.

ಅಲ್ಲಿಯವರೆಗೆ ಕೊಳ್ಳುವವರು ಮೂರು ಪ್ರಶ್ನೆ ಕೇಳಿ. ಮರಿಯ ಅಪ್ಪ-ಅಮ್ಮನನ್ನು ಕಣ್ಣಾರೆ ತೋರಿಸುತ್ತೀರಾ? ಅವುಗಳಿಗೋ ಅವುಗಳ ಒಡಹುಟ್ಟಿದವಕ್ಕೋ ಕಾಲು ಬಿದ್ದದ್ದುಂಟಾ? ಬೆನ್ನಿನ ಎಕ್ಸ್-ರೇ ಇದೆಯಾ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಈಗಾಗಲೇ ಮನೆಯಲ್ಲಿ ಗಿಡ್ಡ ಕಾಲಿನ ನಾಯಿ ಇದ್ದರೆ ಮೈ ಬರದಂತೆ ನೋಡಿಕೊಳ್ಳಿ, ಎತ್ತರದಿಂದ ಹಾರಲು ಬಿಡಬೇಡಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಕಾಲು ಎಳೆಯತೊಡಗಿದರೆ ಎಣ್ಣೆ ಹಾಕಿ ನೀವುವುದು, ಬರೆ ಹಾಕುವುದು, ನಾವು ನುಂಗುವ ನೋವಿನ ಮಾತ್ರೆ ಕೊಡುವುದು ಯಾವುದೂ ಬೇಡ. ಆ ಮಾತ್ರೆಗಳೇ ನಾಯಿಯ ಪ್ರಾಣ ತೆಗೆಯಬಹುದು. ಚಿಕ್ಕ ಜಾಗದಲ್ಲಿ ಅಲುಗದಂತೆ ಮಲಗಿಸಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಪೂರ್ತಿ ಕಾಲು ಬಿದ್ದಿದ್ದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.