ಟಿವಿ ಕೇಬಲ್ಲನ್ನು ಕಿತ್ತು ಹಾಕಬೇಡಿ

ನಮ್ಮೂರ ಬೀದಿಯಲ್ಲಿ ಕಂಬದಿಂದ ಕಂಬಕ್ಕೆ ಹೋಗಿರುವ ಕಪ್ಪು ವೈರನ್ನು ನೀವೆಲ್ಲ ನೋಡಿದ್ದೀರಿ. ಅದು ಟಿವಿ ಕೇಬಲ್. ಈಗ ಸುಮಾರು ಜನ ಮನೆ ಮೇಲೆ ಡಿಶ್ ಹಾಕಿಸಿಕೊಂಡಿದ್ದಾರೆ. ಇನ್ನು ಕೆಲವರು ಧಾರಾವಾಹಿಯನ್ನು ಮೊಬೈಲಲ್ಲೇ ನೋಡ್ತಾರೆ. "ಆ ವೈರು ಸುಮ್ನೆ ಜೋತಾಡ್ತಾ ಇದೆ, ಕಿತ್ತು ಹಾಕಿ" ಎಂದು ಅರಳಿಕಟ್ಟೆಯಲ್ಲಿ ದೊಡ್ಡವರು ಮಾತಾಡಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆ ವೈರಿನಲ್ಲೇ ಮನೆಮನೆಗೆ ಇಂಟರ್ನೆಟ್ ತರಬಹುದು, ತರಬೇಕು.

ಎಲ್ಲರ ಮನೇಲೂ ಮೊಬೈಲ್ ಇದೆಯಲ್ಲ, ಮತ್ಯಾಕೆ ಎಂದು ಕೇಳುವವರಿದ್ದಾರೆ. ಇದೆ, ಆದರೆ ಹಗಲು ಹೊತ್ತು ಅದು ಎಲ್ಲಿರುತ್ತೆ? 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ನಂದಿದುರ್ಗ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯವರೂ ಸುತ್ತಲ ಹಳ್ಳಿಯವರೂ ಎಷ್ಟೋ ಮಂದಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದುಡಿಯಲು ಹೋಗ್ತಾರೆ. ಮನೆಯಲ್ಲಿರುವ ಒಂದೇ ಒಂದು ಒಳ್ಳೆ ಫೋನೂ ಅಪ್ಪನ ಜೇಬಿನಲ್ಲಿ ರೈಲು ಹತ್ತುತ್ತೆ. ರಾತ್ರಿ ವಾಪಸ್ ಬರುವಾಗ ಅದರಲ್ಲಿ ಚಾರ್ಜೂ ಇರಲ್ಲ, ಡಾಟಾನೂ ಇರಲ್ಲ. ಅಕ್ಕ ತಮ್ಮ ಇಬ್ಬರೂ ಓದುವವರಾದರೆ ಯಾರಿಗೆ ಮೊದಲು ಎಂದು ಜಗಳ ಬೇರೆ. (ನಮ್ಮಲ್ಲಿ ಅಕ್ಕಂದಿರೇ ಸೋಲುವುದು, ಇದನ್ನು ಹುಡುಗರು ಒಪ್ಪಬೇಕು.) ಜೇಬಿನ ಇಂಟರ್ನೆಟ್ ಜೇಬಿನ ಜೊತೆ ಹೋಗುತ್ತೆ. ಕೇಬಲ್ ಮಾತ್ರ ಮನೆಯಲ್ಲೇ ಇರುತ್ತೆ.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಒಳ್ಳೆಯದೇ ಆಯಿತು. ಆದರೆ ಒಂದು ಲೆಕ್ಕ ತಿಳಿಯದಿದ್ದರೆ "ಮೇಡಂ, ಇನ್ನೊಂದ್ಸಲ ಹೇಳಿ" ಎಂದು ಟಿವಿಗೆ ಹೇಳೋಕಾಗುತ್ತಾ?

ಕೇಬಲ್ಲಿನ ತೊಂದರೆಯೂ ಇದೇ. ಅದು ಒಂದೇ ದಿಕ್ಕಿನ ದಾರಿ. ಕೇಬಲ್‌ನವರ ಕಂಟ್ರೋಲ್ ರೂಮಿನಲ್ಲಿ ದೊಡ್ಡ ಡಿಶ್‌ಗಳು ಉಪಗ್ರಹದಿಂದ ಬರುವ ಸಿಗ್ನಲ್ ಹಿಡಿಯುತ್ತವೆ. ಅದು ವೈರಿನಲ್ಲಿ ನಮ್ಮ ಮನೆಗೆ ಬರುತ್ತದೆ. ದೂರ ಹೋದಷ್ಟೂ ಸಿಗ್ನಲ್ ಸೊರಗುವುದರಿಂದ ನಡುನಡುವೆ ಕಂಬದ ಮೇಲೆ ಬೂಸ್ಟರ್ ಇಟ್ಟಿರುತ್ತಾರೆ. ಹಳೆಯ ಬೂಸ್ಟರು ಸಿಗ್ನಲನ್ನು ಮನೆ ಕಡೆಗೆ ಮಾತ್ರ ನೂಕುತ್ತದೆ. ಇಂಟರ್ನೆಟ್ಟಿಗೆ ಹೋಗುವ ದಾರಿ, ಬರುವ ದಾರಿ ಎರಡೂ ಬೇಕು. ನಾವು ಕೇಳಿದ್ದು ಹೋಗಬೇಕು, ಉತ್ತರ ಬರಬೇಕು. ಅದಕ್ಕೆ ಎರಡೂ ಕಡೆ ಕೆಲಸ ಮಾಡುವ ಬೂಸ್ಟರ್ ಹಾಕಿ, ಟಿವಿ ಚಾನೆಲ್‌ಗಳ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಹೋಗುವ ದಾರಿ ಬಿಡುತ್ತಾರೆ. ಮನೆಯಲ್ಲಿ ಕೇಬಲ್ ಮೋಡೆಮ್ ಎಂಬ ಪೆಟ್ಟಿಗೆ, ಕಂಟ್ರೋಲ್ ರೂಮಿನಲ್ಲಿ ಆ ಎಲ್ಲ ಮೋಡೆಮ್‌ಗಳ ಜೊತೆ ಮಾತಾಡುವ ಒಂದು ಯಂತ್ರ. ವೈರು ಅದೇ.

ಇದು ಕನಸಲ್ಲ. ಅಮೆರಿಕದ ಕೇಬಲ್ ಕಂಪನಿಗಳು 1997ರಲ್ಲೇ ಇದಕ್ಕೆ ಡಾಕ್ಸಿಸ್ ಎಂಬ ನಿಯಮಾವಳಿ ಮಾಡಿಕೊಂಡವು. ನಮ್ಮ ಬೆಂಗಳೂರಿನಲ್ಲೂ 2000ದ ದಶಕದಲ್ಲಿ ಹಾಥ್‌ವೇ ಕಂಪನಿ ಟಿವಿ ಕೇಬಲ್ಲಿನಲ್ಲೇ ಇಂಟರ್ನೆಟ್ ಕೊಟ್ಟಿತ್ತು.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಮೊದಲನೆಯದು ಜಾಯಿಂಟು. ನಮ್ಮೂರಲ್ಲಿ ವೈರು ತುಂಡಾದರೆ ಸಿಪ್ಪೆ ಸುಲಿದು ಹೊಸೆದು ಟೇಪು ಸುತ್ತುತ್ತಾರೆ. ಟಿವಿ ಹೇಗೋ ಕಾಣುತ್ತೆ. ಆದರೆ ಹೋಗುವ ದಾರಿಯಲ್ಲಿ ಎಲ್ಲ ಮನೆಯ ಸಡಿಲ ಜಾಯಿಂಟುಗಳ ಗಲಾಟೆ ಒಂದೇ ಕಡೆ ಸೇರುತ್ತದೆ. ಮೇಷ್ಟ್ರು ಇಲ್ಲದ ತರಗತಿಯ ಹಾಗೆ, ಯಾರ ಮಾತೂ ಕೇಳಿಸಲ್ಲ. ಎರಡನೆಯದು ಹಂಚಿಕೆ. ಅಮೆರಿಕದ ಲೆಕ್ಕದಲ್ಲಿ ಒಂದು ಟಿವಿ ಚಾನೆಲ್ಲಿನ ಜಾಗದಲ್ಲಿ, ಅಂದರೆ 6 ಮೆಗಾಹರ್ಟ್ಸ್‌ನಲ್ಲಿ, ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಬರುತ್ತದೆ. 100 ಮನೆಯವರು ಒಟ್ಟಿಗೆ ಎಳೆದರೆ ಒಬ್ಬೊಬ್ಬರಿಗೆ ಅರ್ಧ ಮೆಗಾಬಿಟ್ ಕೂಡ ಇಲ್ಲ. ಆದ್ದರಿಂದ ಒಂದಕ್ಕಿಂತ ಹೆಚ್ಚು ಚಾನೆಲ್ಲಿನ ಜಾಗ ಬಿಡಬೇಕು. ಊರ ಹತ್ತಿರದವರೆಗೆ ಫೈಬರ್ ತಂದು, ಅಲ್ಲಿಂದ ಸ್ವಲ್ಪ ಸ್ವಲ್ಪ ಮನೆಗಳಿಗೆ ಮಾತ್ರ ಹಳೆ ವೈರಿನಲ್ಲಿ ಹಂಚಬೇಕು.

"ಫೈಬರ್ ಬರುತ್ತೆ ಬಿಡು, ಹಳೇ ವೈರು ಯಾಕೆ?" ಎನ್ನುತ್ತಾರೆ. ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಕೇಬಲ್ ಆಪರೇಟರುಗಳೂ ಅದನ್ನು ಬಳಸಬಹುದು ಎಂಬುದು ಮೊದಲಿಂದಲೂ ಅದರಲ್ಲೇ ಇರುವ ಮಾತು. ಪಂಚಾಯಿತಿ ಕಚೇರಿಯಿಂದ ನಮ್ಮ ಹಜಾರದವರೆಗೆ ಯಾರು ತರುತ್ತಾರೆ? ಆ ದಾರಿಯಲ್ಲಿ ಈಗಾಗಲೇ ವೈರಿದೆ. ಹೊಸದಾಗಿ ಎಳೆಯುವುದಾದರೆ ಫೈಬರನ್ನೇ ಎಳೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿಯವರೆಗೆ ಇರುವುದನ್ನು ಕೀಳುವುದು ಯಾಕೆ? ಅಲ್ಲದೆ ವೈರಿಗಿಂತ ದೊಡ್ಡ ಆಸ್ತಿ ಕೇಬಲ್ ಅಣ್ಣ. ಯಾವ ಕಂಬದಿಂದ ಯಾರ ಮನೆಗೆ ಲೈನು ಹೋಗಿದೆ ಎಂದು ಆತನಿಗೆ ಬಾಯಿಪಾಠ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಸಿಕೊಂಡು ಬಂದು ರಿಪೇರಿ ಮಾಡುತ್ತಾನೆ. ಆತ ಲೈಸೆನ್ಸ್ ಇರುವ ಇಂಟರ್ನೆಟ್ ಕಂಪನಿಯ ಜೊತೆ ಸೇರಿದರೆ ಆತನ ಹೊಟ್ಟೆಪಾಡೂ ಉಳಿಯುತ್ತೆ.

ನಮ್ಮ ಸೀಮೆಗೆ ತಂತಿ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆಗ ಚಿನ್ನ ಇತ್ತು, ಆದ್ದರಿಂದ ತಂತಿ ಮೊದಲು ಇಲ್ಲಿಗೇ ಬಂತು. ಈಗ ಚಿನ್ನ ತೆಗೆಯುವವರಿಲ್ಲ, ಓದುವ ಮಕ್ಕಳಿದ್ದೇವೆ.

ಬರುವ ಗ್ರಾಮಸಭೆಯಲ್ಲಿ ದೊಡ್ಡವರು ಈ ವಿಷಯ ಎತ್ತಬೇಕೆಂದು ನನ್ನ ವಿನಂತಿ. ಮೊದಲ ಎರಡು ಕನೆಕ್ಷನ್ ಶಾಲೆಗೂ ಪಂಚಾಯಿತಿ ಗ್ರಂಥಾಲಯಕ್ಕೂ ಇರಲಿ. ಟಿವಿ ಪ್ಯಾಕೇಜ್ ತಗೊಂಡರೆ ಮಾತ್ರ ನೆಟ್ ಎಂಬ ಷರತ್ತು ಬೇಡ. ಯಾವ ಬೀದಿಯಲ್ಲಿ ಎಷ್ಟು ಮನೆಗೆ ವೈರು ಇನ್ನೂ ಇದೆ, ಎಲ್ಲೆಲ್ಲಿ ಟೇಪು ಸುತ್ತಿದ ಜಾಯಿಂಟಿದೆ ಎಂಬ ಪಟ್ಟಿಯನ್ನು ಒಂದು ಭಾನುವಾರ ನಾವೇ ನೆಲದ ಮೇಲೆ ನಿಂತು ನೋಡಿ ಬರೆದುಕೊಡಬಹುದು. ಬರುವವರು ನನ್ನ ಹತ್ತಿರ ಹೆಸರು ಕೊಡಿ.