ಉಸ್ತಾದರಿಗೂ ಒಬ್ಬ ಉಸ್ತಾದ್ ಬೇಕು

ಶವ್ವಾಲ್ ಬಂತೆಂದರೆ ನಮ್ಮ ಮದ್ರಸಗಳಿಗೆ ಹೊಸ ವರ್ಷ. ಹೊಸ ಕಿತಾಬು, ಹೊಸ ಮಕ್ಕಳು, ಎಷ್ಟೋ ಕಡೆ ಉಸ್ತಾದರೂ ಹೊಸಬರೇ. ಹಳೆಯ ಉಸ್ತಾದರು ಯಾಕೆ ಹೋದರು ಎಂದು ಕೇಳಿದರೆ ಕಮಿಟಿಯವರು, ‘ಮಕ್ಕಳಿಗೆ ಓದಲಿಕ್ಕೆ ಬರ್ತಾ ಇರಲಿಲ್ಲ’ ಎನ್ನುತ್ತಾರೆ. ಉಸ್ತಾದರನ್ನು ಕೇಳಿದರೆ, ‘ಐದು ಕ್ಲಾಸಿಗೆ ನಾನೊಬ್ಬನೇ, ಏನು ಮಾಡಲಿ?’ ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಇಬ್ಬರ ನಡುವೆ ಇರಬೇಕಾದ ಮೂರನೆಯವರೊಬ್ಬರು ನಮ್ಮಲ್ಲಿಲ್ಲ. ಅವರೇ ಉಸ್ತಾದರ ಪಕ್ಕದಲ್ಲಿ ಕುಳಿತು ಕಲಿಸುವ ದಾರಿ ತೋರಿಸುವವರು.

ಕರಾವಳಿಯ ದೊಡ್ಡ ಜಮಾಅತ್‌ಗಳಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಹೊಸ ಉಸ್ತಾದರಿಗೆ ಸಂಶಯ ಬಂದರೆ ಸದರ್ ಉಸ್ತಾದರಿದ್ದಾರೆ, ಪಕ್ಕದ ಮೊಹಲ್ಲಾದಲ್ಲಿ ಇನ್ನೊಂದು ಮದ್ರಸ ಇರುತ್ತದೆ. ವ್ಯಾಪಾರಕ್ಕೆಂದು, ಕೆಲಸಕ್ಕೆಂದು ಘಟ್ಟ ಹತ್ತಿ ನಂಜನಗೂಡು, ಟಿ. ನರಸೀಪುರದಂಥ ಊರುಗಳಲ್ಲಿ ನೆಲೆಸಿದ ನಮ್ಮ ಮನೆಗಳ ಮಕ್ಕಳಿಗೆ ಆ ಅನುಕೂಲ ಇಲ್ಲ. ಅಲ್ಲಿ ಮಗುವಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು. ಉಸ್ತಾದರು ತಾವು ಕಲಿತದ್ದು ಅರಬಿ ಮಲಯಾಳಂ ಕಿತಾಬಿನಲ್ಲಿ. ದರ್ಸ್ ಮುಗಿಸಿ ಬಂದ ಇಪ್ಪತ್ತೆರಡರ ಹುಡುಗ ಈ ನಾಲ್ಕು ಭಾಷೆಯ ನಡುವೆ, ಒಂದೇ ಕೋಣೆಯಲ್ಲಿ, ಸುಬಹಿಯ ನಂತರದ ಒಂದೂವರೆ ಗಂಟೆಯಲ್ಲಿ ಐದು ತರಗತಿ ನಡೆಸಬೇಕು. ಅವನಿಗೆ ಇಲ್ಮ್ ಇದೆ. ಆದರೆ ಇಲ್ಮ್ ಇರುವುದು ಬೇರೆ, ಏಳು ವರ್ಷದ ಮಗುವಿಗೆ ಅದನ್ನು ದಾಟಿಸುವುದು ಬೇರೆ.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೆಂದಲ್ಲ. ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್ 1951ರಲ್ಲಿ ಶುರುವಾದಾಗಿನಿಂದ ಮದ್ರಸಗಳಿಗೆ ಒಂದೇ ಪಠ್ಯಕ್ರಮ, ಪಬ್ಲಿಕ್ ಪರೀಕ್ಷೆ, ರೇಂಜ್, ಮುಫತ್ತಿಶ್ ಎಂಬ ಕ್ರಮ ಬಂತು. ಅದರ ಉಪಕಾರ ದೊಡ್ಡದು. ಆದರೆ ಮುಫತ್ತಿಶರ ಕೆಲಸ ತಪಾಸಣೆ. ಅವರು ಬರುವ ದಿನ ಉಸ್ತಾದರು ಹೆದರಿರುತ್ತಾರೆ, ಮಕ್ಕಳು ತಯಾರಾಗಿರುತ್ತಾರೆ. 5, 7, 10ನೇ ತರಗತಿಯ ಪಬ್ಲಿಕ್ ಪರೀಕ್ಷೆ ಯಾವ ಮಗು ಸೋತಿತು ಎಂದು ಹೇಳುತ್ತದೆ. ಯಾಕೆ ಸೋತಿತು ಎಂದು ಹೇಳುವುದಿಲ್ಲ.

ಈ ‘ಯಾಕೆ’ಗೆ ಉತ್ತರ ಹುಡುಕಿದ ಕಥೆ ನಮ್ಮ ಪಕ್ಕದಲ್ಲೇ ಇದೆ. ನಂಜನಗೂಡಿನ ಮೇಲೆ ಹರಿದು ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಪಿಲೆಯ ದಡದಲ್ಲೇ, ಸ್ವಲ್ಪ ಮೇಲಕ್ಕೆ ಹೋದರೆ ಹೆಗ್ಗಡದೇವನಕೋಟೆ ತಾಲೂಕು. ಅಲ್ಲಿಯ ಸರಕಾರಿ ಶಾಲೆಯ ಮೇಷ್ಟ್ರುಗಳು 1995ರಲ್ಲಿ ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳಿಗೆ ಕಲಿಸುವ ರೀತಿ ನೋಡಿ ಬಂದರು. ಹಿಂದಿರುಗಿ ತಾವೇ ಕಾರ್ಡು ಬರೆದರು, ಕಲಿಕೆಯ ಏಣಿ ಕಟ್ಟಿದರು. ಒಂದು ಗುಂಪು ಮೇಷ್ಟ್ರ ಬಳಿ, ಒಂದು ಗುಂಪು ಜೊತೆಯ ಮಕ್ಕಳ ಬಳಿ, ಇನ್ನೊಂದು ತನ್ನಷ್ಟಕ್ಕೆ ಕಲಿಯುವ ಕ್ರಮ ಮಾಡಿದರು. ಅದೇ ‘ನಲಿ ಕಲಿ’. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರಕಾರಿ ಶಾಲೆಗಳಿಗೆಲ್ಲ ಹೋಯಿತು. ಅದು ಹುಟ್ಟಿದ್ದು ಮೇಲಿನಿಂದ ಬಂದ ಸುತ್ತೋಲೆಯಿಂದಲ್ಲ, ಮೇಷ್ಟ್ರುಗಳು ಮೇಷ್ಟ್ರುಗಳ ಕ್ಲಾಸನ್ನು ನೋಡಿದ್ದರಿಂದ.

ಸರಕಾರಿ ಶಾಲೆಗಳಿಗೆ ಇಂಥ ನೆರವು ಕೊಡಲೆಂದೇ ಸಿಆರ್‌ಪಿಗಳಿದ್ದಾರೆ, ತಾಲೂಕಿನಲ್ಲಿ ಬಿಆರ್‌ಸಿ ಇದೆ, ಮೈಸೂರಿನಲ್ಲಿ ಡಯಟ್ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ತರಬೇತಿ ಇರಬೇಕು ಎನ್ನುತ್ತದೆ. ಆದರೂ ಸಿಆರ್‌ಪಿಗಳ ಸಮಯವೆಲ್ಲ ಮಾಹಿತಿ ಕೂಡಿಸಿ ಕಳಿಸುವುದರಲ್ಲೇ ಹೋಗುತ್ತದೆ ಎಂಬ ದೂರು ಹಳೆಯದು. ನಾವು ಅಲ್ಲಿಂದ ಕಲಿಯಬೇಕಾದ ಎರಡನೇ ಪಾಠ ಇದು: ನೆರವಿಗೆಂದು ಬಂದವನ ಕೈಗೆ ವರದಿ ಪುಸ್ತಕ ಕೊಟ್ಟರೆ ಅವನು ಮತ್ತೊಬ್ಬ ಇನ್ಸ್‌ಪೆಕ್ಟರ್ ಆಗಿಬಿಡುತ್ತಾನೆ.

ಬರೀ ಒಂದು ದಿನದ ಟ್ರೈನಿಂಗ್ ಕ್ಯಾಂಪ್ ಸಾಲದೇ ಎಂದು ಕೇಳುವವರಿದ್ದಾರೆ. ಕ್ಯಾಂಪಿನಲ್ಲಿ ಕೇಳಿದ್ದು ತರಗತಿಯೊಳಗೆ ಇಳಿಯಬೇಕಾದರೆ ಅಲ್ಲಿಗೇ ಬಂದು ಜೊತೆಯಲ್ಲಿ ನಿಲ್ಲುವವರು ಬೇಕು ಎಂದು ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಹೇಳಿದ್ದರು. ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಜಿಬ್ರೀಲ್ (ಅ) ಪ್ರತಿ ರಮಳಾನಿನಲ್ಲಿ ಬಂದು ಪ್ರವಾದಿಯವರ (ಸ) ಜೊತೆ ಕುಳಿತು ಕುರ್‌ಆನ್ ಓದಿ ಒಪ್ಪಿಸಿಕೊಳ್ಳುತ್ತಿದ್ದರು, ಕೊನೆಯ ವರ್ಷ ಎರಡು ಸಲ ಎಂಬುದು ಸಹೀಹ್ ಹದೀಸಿನಲ್ಲಿ ಬಂದ ವಿಷಯ. ಕುರ್‌ಆನ್ ಯಾರ ಮೇಲೆ ಇಳಿಯಿತೋ ಅವರೇ ಇನ್ನೊಬ್ಬರ ಮುಂದೆ ಕೂತು ಓದಿದರು. ಹಾಗಿರುವಾಗ ತನ್ನ ಕ್ಲಾಸಿನಲ್ಲಿ ಇನ್ನೊಬ್ಬ ಉಸ್ತಾದ್ ಕುಳಿತರೆ ಮರ್ಯಾದೆ ಹೋಯಿತು ಎಂದು ಯಾರೂ ಭಾವಿಸಬೇಕಿಲ್ಲ.

ಏನು ಮಾಡಬಹುದು? ಪ್ರತಿ ರೇಂಜ್‌ನಲ್ಲಿ ಅನುಭವಸ್ಥ ಉಸ್ತಾದರೊಬ್ಬರನ್ನು ಆರಿಸಿ, ತಿಂಗಳಿಗೊಮ್ಮೆ ಒಂಟಿ ಉಸ್ತಾದರಿರುವ ಮದ್ರಸಗಳಿಗೆ ಕಳಿಸಲಿ. ಅವರು ಕುರ್ಚಿಯಲ್ಲಿ ಕೂರುವುದು ಬೇಡ, ಹಿಂದಿನ ಸಾಲಿನ ಮಗುವಿನ ಪಕ್ಕ ಕೂರಲಿ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದುವಾಗ ಯಾವ ಮಗು ಬರೀ ತುಟಿ ಆಡಿಸುತ್ತಿದೆ ಎಂದು ಎದುರು ನಿಂತ ಉಸ್ತಾದರಿಗೆ ಗೊತ್ತಾಗದು, ಪಕ್ಕದಲ್ಲಿ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಮಕ್ಕಳ ಎದುರು ತಿದ್ದುವುದು ಬೇಡ. ಕ್ಲಾಸು ಬಿಟ್ಟ ಮೇಲೆ ಚಾ ಕುಡಿಯುತ್ತಾ ಒಂದೇ ಒಂದು ವಿಷಯ ಹೇಳಲಿ: ಐದನೆಯ ತರಗತಿಯ ಮಕ್ಕಳಿಂದ ಎರಡನೆಯದರ ಮಕ್ಕಳ ಓದು ಕೇಳಿಸಿ, ಇಲ್ಲವೇ ‘ಳಾದ್’ ಮತ್ತು ‘ಳಾ’ ಅಕ್ಷರಗಳ ಮಖ್ರಜ್ ಬೇರೆ ಬೇರೆ ತೋರಿಸಿ, ಅಷ್ಟು ಸಾಕು. ಮುಂದಿನ ತಿಂಗಳು ಬಂದಾಗ ಅದೇ ವಿಷಯ ನೋಡಲಿ. ಮುಖ್ಯವಾಗಿ, ನೋಡಿದ್ದನ್ನು ಕಮಿಟಿಗೆ ಒಪ್ಪಿಸಬಾರದು. ಒಪ್ಪಿಸುತ್ತಾರೆ ಎಂದು ಗೊತ್ತಾದ ದಿನ ಉಸ್ತಾದರು ತಮ್ಮ ಕಷ್ಟ ಹೇಳುವುದನ್ನು ನಿಲ್ಲಿಸುತ್ತಾರೆ.

ಖರ್ಚು ಎಷ್ಟು? ಬಸ್ ಚಾರ್ಜು, ಒಂದು ಹೊತ್ತಿನ ಊಟ, ಒಂದು ಸಣ್ಣ ಗೌರವಧನ. ಮಸೀದಿಯ ಮಿನಾರಕ್ಕೆ ಬಣ್ಣ ಬಳಿಯುವ ಖರ್ಚಿನ ಮುಂದೆ ಇದು ಯಾವ ಲೆಕ್ಕ? ಸಣ್ಣ ಜಮಾಅತ್‌ಗಳಿಗೆ ಅದೂ ಕಷ್ಟವಾದರೆ ಮಂಗಳೂರಿನ ದೊಡ್ಡ ಜಮಾಅತ್‌ಗಳು ವಹಿಸಿಕೊಳ್ಳಲಿ. ಘಟ್ಟದ ಮೇಲಿನ ಮಕ್ಕಳೂ ನಮ್ಮವೇ.

ವರ್ಷಕ್ಕೊಬ್ಬ ಉಸ್ತಾದರನ್ನು ಬದಲಿಸಿದರೆ ಪ್ರತಿ ವರ್ಷವೂ ಮಕ್ಕಳು ಅಲಿಫ್‌ನಿಂದಲೇ ಶುರು ಮಾಡಬೇಕಾಗುತ್ತದೆ. ಬರುವ ಶವ್ವಾಲ್‌ಗೆ ಕಮಿಟಿಯವರು ‘ಈ ಉಸ್ತಾದರನ್ನು ಇಟ್ಟುಕೊಳ್ಳುವುದಾ, ಕಳಿಸುವುದಾ’ ಎಂದು ಚರ್ಚಿಸುವ ಮೊದಲು ‘ಈ ವರ್ಷ ಇವರಿಗೆ ನಾವು ಏನು ನೆರವು ಕೊಟ್ಟೆವು’ ಎಂದು ಕೇಳಿಕೊಳ್ಳಲಿ. ಅಲ್ಲಾಹನು ತೌಫೀಕ್ ನೀಡಲಿ, ಆಮೀನ್.